ಮೂಲೆ ಮೂಲೆಗೂ ಸಿಗ್ನಲ್

ಮಾರ್ಚ್ ೪

ಅತ್ತೆಗೆ ನಮಸ್ಕಾರ.

ನೀವು ಚಿಕ್ಕಮ್ಮನ ಮನೆ ಸೇರಿದ ಸುದ್ದಿಯನ್ನು ನಿಮ್ಮ ಮಗ ಹೇಳಿದರು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತಂತೆ. “ಮತ್ತೇನಂದ್ರು?” ಎಂದು ಕೇಳಿದೆ. “ಚೆನ್ನಾಗಿದ್ದಾರೆ” ಎಂದು ಟವೆಲ್ ಎತ್ತಿಕೊಂಡು ಸ್ನಾನಕ್ಕೆ ಹೋದರು. ನಮ್ಮಿಬ್ಬರ ನಡುವಿನ ಮಾತು ಬಂತೆಂದರೆ ಅವರ ಬಾಯಿಗೆ ಬೀಗ ಬೀಳುತ್ತದೆ, ನಿಮಗೇ ಗೊತ್ತು.

ಫೋನಿನಲ್ಲಿ ಮಾತಾಡೋಣವೆಂದರೆ ಕಿವಿಯ ಕೆಳಗಿನ ಗಡ್ಡೆ ತೆಗೆಸಿದಂದಿನಿಂದ ನೀವು ಫೋನನ್ನು ಹತ್ತಿರ ತರುವುದಿಲ್ಲ. ಎದುರು ನಿಂತರೆ ನಾನು ಮೊದಲು ದನಿ ಏರಿಸುತ್ತೇನೆ, ಆಮೇಲೆ ಅಳುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಈ ಕಾಗದ.

ಭಾನುವಾರ ಊಟದ ಮಧ್ಯೆ ಹೊಸ ರೌಟರ್ ತರುತ್ತೇನೆ ಎಂದು ನಾನು ಅಂದದ್ದು ಸರಿಯಾಗಲಿಲ್ಲ. ಅಂಗಡಿಯವನು ಕೊಟ್ಟ ಚೀಟಿಯನ್ನು ಜೋರಾಗಿ ಓದಿದ್ದಂತೂ ಇನ್ನೂ ತಪ್ಪು. ‘ಮನೆಯ ಮೂಲೆ ಮೂಲೆಗೂ ಸಿಗ್ನಲ್’ ಎಂದಾಗ ನಿಮ್ಮ ಕೈಯ ತುತ್ತು ತಟ್ಟೆಗೆ ಇಳಿದದ್ದನ್ನು ನೋಡಿಯೂ ನಾನು ಓದುತ್ತಲೇ ಇದ್ದೆ. ಯಾಕೆ ಬೇಕು ಎನ್ನುವುದನ್ನು ಮೊದಲು ಹೇಳಬೇಕಿತ್ತು.

ನನ್ನ ಕೆಲಸ ಏನೆಂದು ನಿಮಗೆ ಗೊತ್ತು. ಕಿವಿ ಕೇಳದವರು ಆಸ್ಪತ್ರೆಗೋ ಬ್ಯಾಂಕಿಗೋ ಹೋದಾಗ ಅಲ್ಲಿಂದ ನನಗೆ ವಿಡಿಯೋ ಕರೆ ಬರುತ್ತದೆ. ಅಲ್ಲಿಯವರ ಮಾತನ್ನು ನಾನು ಸನ್ನೆಯಲ್ಲಿ ಹೇಳುತ್ತೇನೆ, ಇವರ ಸನ್ನೆಯನ್ನು ಮಾತಿನಲ್ಲಿ ಹೇಳುತ್ತೇನೆ. ಹೋದ ವಾರ ಮಕ್ಕಳ ವಾರ್ಡಿನಿಂದ ಕರೆ ಬಂತು. ಪುಟ್ಟ ಮಗು, ಮಾರನೆಯ ಬೆಳಿಗ್ಗೆ ಹೊಟ್ಟೆಯ ಆಪರೇಷನ್. ತಂದೆಗೆ ಕಿವಿ ಕೇಳುವುದಿಲ್ಲ. ಡಾಕ್ಟರು, “ನಾಳೆ ಆಪರೇಷನ್ ಮುಗಿಯೋವರೆಗೂ ಮಗೂಗೆ ಹಾಲು ಕೊಡಬೇಡಿ” ಎಂದರು. ನಾನು ಹೇಳಿದೆ: ನಾಳೆ, ಮಗು, ಹಾಲು, ಕೊಡುವುದು, ಬೇಡ. ನಮ್ಮ ಬಾಯಿಮಾತಿನಲ್ಲಿ ಆಗುವ ಹಾಗೆ ಸನ್ನೆಯಲ್ಲೂ ‘ಬೇಡ’ ಕೊನೆಗೇ ಬರುತ್ತದೆ. ಅದು ಬರುವ ಮೊದಲೇ ಅಲ್ಲಿ ನನ್ನ ಚಿತ್ರ ನಿಂತುಹೋಗಿದೆ. ನನಗೆ ಇಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಆತ ತಲೆಯಾಡಿಸಿದ. ಡಾಕ್ಟರು ಎದ್ದು ಹೋದರು.

ಬೆಳಿಗ್ಗೆ ಮಗು ಅತ್ತಿದೆ, ಆತ ಲೋಟದ ತುಂಬ ಹಾಲು ಕುಡಿಸಿದ್ದಾನೆ. ಒಳಗೆ ಕರೆದುಕೊಂಡು ಹೋಗುವಾಗ ಮಗುವಿನ ತುಟಿಯ ಮೇಲೆ ಬಿಳಿ ಅಂಟಿದ್ದನ್ನು ಅರಿವಳಿಕೆ ಡಾಕ್ಟರು ನೋಡಿದರಂತೆ. ಆಪರೇಷನ್ ನಿಲ್ಲಿಸಿದರು. ನೋಡದೇ ಇದ್ದಿದ್ದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತಿತ್ತು. ಇದನ್ನೆಲ್ಲ ಹೇಳಿದ ನಮ್ಮ ಮೇಲ್ವಿಚಾರಕಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. “ಮನೆ ನೆಟ್ ಸರಿ ಮಾಡಿಸ್ಕೊಳ್ಳಿ. ಇನ್ನೊಂದ್ ಸಲ ಹೀಗಾದ್ರೆ ಆಸ್ಪತ್ರೆ ಕರೆ ನಿಮಗೆ ಕೊಡೋಕಾಗಲ್ಲ” ಎಂದರು, ಅಷ್ಟೆ.

ಆವತ್ತು ಹಳೆಯ ರೌಟರ್ ಡಬ್ಬಿಯ ಮೇಲೆ, ಅದರ ಅಲೆ ತಡೆಯಲೆಂದು ನೀವು ಕವುಚುವ ಸ್ಟೀಲ್ ಪಾತ್ರೆ ಮುಚ್ಚಿರಲಿಲ್ಲ. ಅದನ್ನು ನೀವು ತಲೆಗೆ ಹಚ್ಚಿಕೊಳ್ಳಬೇಡಿ. ಡಬ್ಬಿಗೇ ವಯಸ್ಸಾಗಿದೆ. ಮುಟ್ಟಿದರೆ ಸುಡುತ್ತದೆ, ತಾನಾಗಿ ಆರಿಹೋಗುತ್ತದೆ, ತಾನಾಗಿ ಹತ್ತಿಕೊಳ್ಳುತ್ತದೆ. ಪಾತ್ರೆಯಂತೂ ಖಂಡಿತ ಇರಲಿಲ್ಲ.

ಪುಟ್ಟಿ ಶಾಲೆಯಿಂದ ಬಂದವಳೇ ನಿಮ್ಮ ಮಂಚದ ಮೇಲೆ ಬ್ಯಾಗು ಎಸೆಯುತ್ತಾಳೆ. ಯಾರೂ ಬೈಯುವುದಿಲ್ಲವಲ್ಲ ಎಂದು ಸುತ್ತ ನೋಡುತ್ತಾಳೆ.

ನಿಮ್ಮ ಸೊಸೆ

---

ಮಾರ್ಚ್ ೧೧

ಸೊಸೆಗೆ ಆಶೀರ್ವಾದ.

ನಿನ್ನ ಕಾಗದ ಬಂತು. ಕೈ ಇಷ್ಟು ಚೆಂದ ಆಡಿಸುವವಳ ಅಕ್ಷರ ಮಾತ್ರ ಕೋಳಿ ಕೆದರಿದ ಹಾಗಿದೆ. ಆದರೂ ಬಿಡದೆ ಓದಿದೆ.

ಆ ಮಗುವಿನ ವಿಷಯ ಓದಿದ ಮೇಲೆ ಊಟ ಸೇರಲಿಲ್ಲ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂದಲು ಬೆಳ್ಳಗಾಗುವವರೆಗೆ ಕೂತವಳು. ಮಾತಿನ ನಡುವೆ ಲೈನು ಕಡಿದರೆ ಏನಾಗುತ್ತದೆ ಎಂದು ನನಗೆ ನೀನು ಹೇಳಿಕೊಡಬೇಕಾಗಿಲ್ಲ. ಆದರೆ ಅಲ್ಲಿ ತಂತಿ ಇತ್ತು ಕಣೇ. ಈ ತೂತಿಗೆ ಚುಚ್ಚಿದರೆ ಈ ಮನೆ, ಆ ತೂತಿಗೆ ಚುಚ್ಚಿದರೆ ಆ ಮನೆ. ಮಾತು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತಿದೆ ಎಂದು ಕಣ್ಣಿಗೆ ಕಾಣುತ್ತಿತ್ತು. ಇದು ಹಾಗಲ್ಲ. ಎಲ್ಲಿ ನೋಡಿದರೂ ಏನೂ ಇಲ್ಲ, ಆದರೆ ಎಲ್ಲ ಕಡೆಯೂ ಇದೆ. ನನ್ನ ದಿಂಬು, ದಿಂಬಿನ ಹಿಂದೆ ಗೋಡೆ, ಗೋಡೆಯ ಆಚೆ ಆ ಡಬ್ಬಿ. ಗಡ್ಡೆ ಎದ್ದದ್ದೂ ಆ ಮಗ್ಗುಲಿನ ಕಿವಿಯ ಕೆಳಗೇ.

“ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ” ಎಂದು ಡಾಕ್ಟರು ಹೇಳುತ್ತಾರೆ. “ಹಾಗಾದ್ರೆ ಯಾತರಿಂದ ಬಂತು?” ಎಂದರೆ ಪೆನ್ನಿಗೆ ಕ್ಯಾಪು ಹಾಕಿ ಮುಂದಿನವರನ್ನು ಕರೆಯುತ್ತಾರೆ.

ಈಗ ಇರುವುದಕ್ಕೆ ಎರಡು ಕೊಂಬು. ನೀನು ತರುವುದಕ್ಕೆ ಎಷ್ಟು ಕೊಂಬೋ! ಅದು ಮೂಲೆ ಮೂಲೆಗೂ ಹೋಗುತ್ತದೆಂದರೆ ನನ್ನ ಮೂಲೆಯನ್ನು ಬಿಟ್ಟು ಹೋಗುತ್ತದೆಯೇ?

ಇಲ್ಲಿ ಆ ಕಾಟವಿಲ್ಲ. ನಾನು ಬಂದ ದಿನವೇ ನನ್ನ ತಂಗಿ ತನ್ನ ಫೋನನ್ನು ಹಿತ್ತಲಿನ ಸ್ಟೋರಿಗೆ ಸಾಗಿಸಿದಳು. ಅದು ಕೂಗಿದಾಗಲೆಲ್ಲ ಸೀರೆ ಎತ್ತಿ ಹಿಡಿದು ಓಡುತ್ತಾಳೆ. ಅವಳು ತಲುಪುವಷ್ಟರಲ್ಲಿ ನಿಂತುಹೋಗಿರುತ್ತದೆ.

ಪಾತ್ರೆ ಮುಚ್ಚಿರಲಿಲ್ಲ ಎಂದು ಎರಡು ಸಲ ಬರೆದಿದ್ದೀಯ. ಒಂದೇ ಸಲ ಬರೆದಿದ್ದರೆ ನಂಬುತ್ತಿದ್ದೆ.

ಹೊಸದು ಹಾಕಿಸು. ನಾನು ಬೇಡ ಎನ್ನುವುದಿಲ್ಲ. ನಾನು ಇಲ್ಲಿರುತ್ತೇನೆ, ಅಷ್ಟೆ.

ನಿನ್ನ ಅತ್ತೆ

---

ಮಾರ್ಚ್ ೨೦

ಅತ್ತೆಗೆ ನಮಸ್ಕಾರ.

“ನಾನು ಬೇಡ ಎನ್ನುವುದಿಲ್ಲ, ಇಲ್ಲಿರುತ್ತೇನೆ” ಎಂದರೆ ಅದು ಬೇಡ ಎಂದ ಹಾಗೆಯೇ ಅಲ್ಲವೇ? ನೀವು ಮನೆಯಲ್ಲಿ ಇಲ್ಲದಿರುವುದಕ್ಕೆ ನಾನು ಕಾರಣ ಎಂದಾಗುವುದು ನನಗೆ ಬೇಡ. ಪಕ್ಕದ ಮನೆಯಾಕೆ ಆಗಲೇ, “ಅತ್ತೆ ಯಾವಾಗ ಬರ್ತಾರೆ?” ಎಂದು ಕೇಳಿ ಉತ್ತರಕ್ಕೆ ಕಾಯದೆ ನನ್ನ ಮುಖವನ್ನೇ ನೋಡಿದರು.

ಹೊಸದು ತರಲಿಲ್ಲ. ನಿಮ್ಮ ಮಾತಿನಿಂದಲೇ ಒಂದು ಉಪಾಯ ಹೊಳೆಯಿತು. ತಂತಿಯಾದರೆ ನಿಮಗೆ ಭಯವಿಲ್ಲವಲ್ಲ. ಡಬ್ಬಿಯನ್ನು ಅಡುಗೆಮನೆಯ ಕಪಾಟಿನ ಮೇಲಕ್ಕೆ ಸಾಗಿಸಿ, ಅಲ್ಲಿಂದ ಉದ್ದ ಕೇಬಲ್ ಎಳೆದು ನನ್ನ ಕಂಪ್ಯೂಟರಿಗೆ ಚುಚ್ಚಿದೆ. ನಿಮ್ಮ ಮಗ ಗೋಡೆಗುಂಟ ಮೊಳೆ ಹೊಡೆದು ಕೊಟ್ಟರು. ಬೆರಳಿಗೂ ಹೊಡೆದುಕೊಂಡರು. ಬಾಗಿಲು ಬಂದ ಕಡೆ ಕೇಬಲ್ ನೆಲದ ಮೇಲೇ ಹೋಗಬೇಕು. ಪುಟ್ಟಿ ಆಗಲೇ ಎಡವಿ ಮಂಡಿ ತರಚಿಕೊಂಡಿದ್ದಾಳೆ.

ಮೊದಲ ದಿನ ಚೆನ್ನಾಗಿ ನಡೆಯಿತು. ಆಮೇಲೆ ಅಡುಗೆಮನೆಯ ಕಾವಿಗೋ ಏನೋ, ಡಬ್ಬಿ ಮತ್ತೆ ಆರಿಹೋಯಿತು. ಡಬ್ಬಿಯೇ ಆರಿದ ಮೇಲೆ ತಂತಿ ಏನು ಮಾಡೀತು! ಈಗ ಕರೆಯ ಮಧ್ಯೆ ಪ್ರತಿ ವಾಕ್ಯಕ್ಕೂ, “ಕಾಣ್ತಿದ್ದೀನಾ? ಕಾಣ್ತಿದ್ದೀನಾ?” ಎಂದು ಕೇಳುವ ಚಟ ಹತ್ತಿದೆ. ಹೆಂಗಸೊಬ್ಬಳು ಸಿಟ್ಟಿನಿಂದ, “ನಿಮ್ಮನ್ನ ನೋಡೋಕೆ ಬಂದಿಲ್ಲ, ಡಾಕ್ಟರ್ ಏನಂದ್ರು ಹೇಳಿ” ಎಂದು ಸನ್ನೆ ಮಾಡಿದಳು.

ಇನ್ನೊಂದು ವಿಷಯ. ಆಸ್ಪತ್ರೆಯಿಂದ ಫೋನ್ ಬಂದಿತ್ತು. ಇದು ನಿಮ್ಮ ತಪಾಸಣೆಯ ತಿಂಗಳು. ಯಾವತ್ತು ಬರುತ್ತೀರಿ? ನಾನು ರಜೆ ಹಾಕುತ್ತೇನೆ.

ನಿಮ್ಮ ಸೊಸೆ

---

ಏಪ್ರಿಲ್ ೨

ಸೊಸೆಗೆ ಆಶೀರ್ವಾದ.

ಪುಟ್ಟಿಯ ಮಂಡಿಗೆ ಮುಲಾಮು ಹಚ್ಚು. ಆ ಕೇಬಲ್ ತೆಗೆದುಹಾಕು, ಇಲ್ಲದಿದ್ದರೆ ನಾಳೆ ನನ್ನ ಮಗ ಮುಗ್ಗರಿಸುತ್ತಾನೆ. ನಡೆಯುವಾಗ ಅವನಿಗೆ ನೆಲದ ಮೇಲೆ ಗಮನವೇ ಇರುವುದಿಲ್ಲ.

ಇಲ್ಲಿ ನಲ್ಲಿ ಸೋರುತ್ತದೆ. ರಿಪೇರಿಯವನು ನಾಳೆ ಬರುತ್ತೇನೆ ಎನ್ನುತ್ತಾನೆ. ನನ್ನ ತಂಗಿ ಕೆಳಗೆ ಬಕೆಟ್ ಇಟ್ಟಿದ್ದಾಳೆ. ದಿನವಿಡೀ ಅದರ ಸದ್ದು ಕೇಳುತ್ತ ಕೂತಿರುತ್ತೇನೆ.

ತಪಾಸಣೆಗೆ ಆತುರವೇನಿಲ್ಲ.

ನಿನ್ನ ಅತ್ತೆ

---

ಏಪ್ರಿಲ್ ೧೨

ಅತ್ತೆಗೆ ನಮಸ್ಕಾರ.

ಆಸ್ಪತ್ರೆಯ ಕರೆ ಸದ್ಯಕ್ಕೆ ಬೇಡ ಎಂದು ಮೇಲ್ವಿಚಾರಕಿಗೆ ನಾನೇ ಹೇಳಿಬಿಟ್ಟೆ. ಈಗ ಬ್ಯಾಂಕು, ಕರೆಂಟು ಆಫೀಸು, ಬಟ್ಟೆ ಅಂಗಡಿ. “ಈ ಸೈಜು ಇಲ್ಲ, ಆ ಬಣ್ಣ ಇದೆ.” ಚಿತ್ರ ನಿಂತರೂ ಯಾರ ಜೀವಕ್ಕೂ ಕುತ್ತಿಲ್ಲ. ಆದರೂ ಕರೆ ಬಂದ ಸದ್ದಿಗೆ ಮೊದಲು ಅಡುಗೆಮನೆಗೆ ಓಡಿ ಡಬ್ಬಿಯ ದೀಪ ನೋಡಿ ಬರುತ್ತೇನೆ.

ಆ ಮಗುವಿಗೆ ಆಪರೇಷನ್ ಆಯಿತಂತೆ. ಚೆನ್ನಾಗಿದೆಯಂತೆ. ಮುಂದಿನ ಭೇಟಿಗೆ ಆ ತಂದೆ, ಅದೇ ಅಕ್ಕ ಬೇಕು ಎಂದು ಕೇಳಿದನಂತೆ. ನಾನೇ ಬೇಕಂತೆ, ಅತ್ತೆ! ಎಷ್ಟು ನಾಜೂಕಾಗಿ ಸನ್ನೆ ಮಾಡುತ್ತಾರೆ, ತನಗೆ ಚೆನ್ನಾಗಿ ಅರ್ಥವಾಗುತ್ತದೆ ಎಂದನಂತೆ. ಹಾಲಿನ ವಿಷಯದಲ್ಲಿ ತಪ್ಪು ತನ್ನದೇ, ತಾನೇ ಸರಿಯಾಗಿ ನೋಡಲಿಲ್ಲ ಎಂದುಕೊಂಡಿದ್ದಾನೆ. ನಾನು ಆಗುವುದಿಲ್ಲ ಎಂದೆ. ಬೇರೆಯವರನ್ನು ಕೊಟ್ಟರು. ಆವತ್ತಿಡೀ ನಾನು ಕೈಕಟ್ಟಿಕೊಂಡು ಕೂತಿದ್ದೆ.

ರೌಟರ್ ವಿಷಯ ಬಿಡಿ. ನಿಮ್ಮ ಕಾಗದ ಚಿಕ್ಕದಾಗುತ್ತಿದೆ. ನಲ್ಲಿಯ ಬಗ್ಗೆ ಇಷ್ಟೆಲ್ಲ ಬರೆದು ತಪಾಸಣೆಯ ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ಏನಾದರೂ ಇದೆಯಾ, ಅತ್ತೆ?

ನಿಮ್ಮ ಸೊಸೆ

---

ಏಪ್ರಿಲ್ ೧೯

ಸೊಸೆಗೆ,

ಇದೆ.

ಕಿವಿಯ ಕೆಳಗೆ, ಹಳೆಯ ಹೊಲಿಗೆಯ ಪಕ್ಕದಲ್ಲೇ, ಕಡಲೆಕಾಳಿನಷ್ಟು ಗಟ್ಟಿಯಾದದ್ದು ಬೆರಳಿಗೆ ಸಿಗುತ್ತಿದೆ. ನಿನ್ನ ಆ ಭಾನುವಾರದ ಊಟಕ್ಕೆ ಮುಂಚೆಯೇ ಸಿಕ್ಕಿತ್ತು. ತಲೆ ಬಾಚುವಾಗ. ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎನ್ನಿಸಿತು. ಈ ಡಬ್ಬಿಯಿಂದ ದೂರ ಹೋದರೆ ಕರಗೀತು ಎಂದುಕೊಂಡು ಬಸ್ಸು ಹತ್ತಿದೆ.

ಇಲ್ಲಿ ಡಬ್ಬಿ ಇಲ್ಲ. ಫೋನು ಹಿತ್ತಲಲ್ಲಿದೆ. ಆದರೂ ಬೆಳೆಯುತ್ತಿದೆ. ಮುಟ್ಟಬಾರದು ಎಂದು ಸೆರಗನ್ನು ಕೈಗೆ ಸುತ್ತಿಕೊಂಡು ಕೂರುತ್ತೇನೆ. ಗೊತ್ತಾಗುವಷ್ಟರಲ್ಲಿ ಬೆರಳು ಅಲ್ಲೇ ಇರುತ್ತದೆ.

ನನ್ನ ಮಗನಿಗೆ ನೀನೇ ಹೇಳು. ನನ್ನಿಂದಾಗುವುದಿಲ್ಲ. ಅವನು ಏನೂ ಮಾತಾಡದೆ ನನ್ನನ್ನು ನೋಡಿದರೆ ನನಗೆ ತಡೆದುಕೊಳ್ಳಲಾಗುವುದಿಲ್ಲ.

ಅತ್ತೆ

---

ಮೇ ೬

ಸೊಸೆಗೆ ಆಶೀರ್ವಾದ.

ಸ್ಕ್ಯಾನ್ ಮುಗಿಸಿ ಮನೆಗೆ ಬರದೆ ಮತ್ತೆ ತಂಗಿಯ ಮನೆಗೆ ಬಂದೆನೆಂದು ನಿನಗೆ ಬೇಜಾರಾಗಿದೆ. ನೀನು ಹೇಳಲಿಲ್ಲ. ಬಸ್ಸು ಹೊರಡುವಾಗ ಕೈ ಬೀಸಲಿಲ್ಲ, ಅಷ್ಟರಿಂದಲೇ ತಿಳಿಯಿತು.

ಅಂದು ಕಾಯುವ ಕೋಣೆಯಲ್ಲಿ ನೀನು ನನ್ನ ಕೈ ಹಿಡಿದು ಕೂತಿದ್ದೆ. ನಿನ್ನ ಬೆರಳು ಸುಮ್ಮನಿರಲಿಲ್ಲ. ನನ್ನ ಅಂಗೈಯ ಮೇಲೆ ನಿನ್ನ ಭಾಷೆಯಲ್ಲಿ ಏನೋ ಹೇಳುತ್ತಲೇ ಇದ್ದೆ. ಏನೆಂದು ನಾನು ಕೇಳಲಿಲ್ಲ. ನೀನು ಹೇಳಲಿಲ್ಲ.

ಡಾಕ್ಟರು ಪಟ ತೋರಿಸಿ, “ಮತ್ತೆ ತೆಗೀಬೇಕಮ್ಮ. ಬೇರು ಉಳಿದಿತ್ತು ಅಂತ ಕಾಣತ್ತೆ” ಎಂದಾಗ ನಾನು ಡಬ್ಬಿಯ ಮಾತೆತ್ತಿದೆನಲ್ಲ. ಅವರು ಈ ಸಲ ಪೆನ್ನು ಮುಚ್ಚಲಿಲ್ಲ. “ಡಬ್ಬಿಯಿಂದ ಅಲ್ಲ. ಯಾತರಿಂದ ಅಂತ ನಮಗೂ ಗೊತ್ತಿಲ್ಲ” ಎಂದರು. ನೀನು ಅದನ್ನು ಕೇಳಿ ಉಸಿರು ಬಿಟ್ಟೆ. ನನಗೆ ಉಸಿರು ಕಟ್ಟಿತು. ಇಷ್ಟು ದಿನ ಬೈಯುವುದಕ್ಕೆ ನನಗೆ ಒಂದು ಡಬ್ಬಿಯಾದರೂ ಇತ್ತು. ಅದಕ್ಕೆ ಪಾತ್ರೆ ಮುಚ್ಚಬಹುದಿತ್ತು, ಅದನ್ನು ಬಿಟ್ಟು ಊರು ಬದಲಿಸಬಹುದಿತ್ತು. ಯಾತರಿಂದಲೂ ಬಂದದ್ದಲ್ಲ ಎಂದರೆ ನಾನು ಯಾವುದರಿಂದ ದೂರ ಓಡಲಿ, ಹೇಳು?

ಅದಕ್ಕೇ ಮನೆಗೆ ಬರಲಿಲ್ಲ. ಆ ಡಬ್ಬಿಯ ಎದುರು ಸುಮ್ಮನೆ ನಿಲ್ಲುವುದು ಹೇಗೆಂದು ತಿಳಿಯಲಿಲ್ಲ.

ಮುಖದ ನರ ಅಲ್ಲೇ ಹಾದುಹೋಗಿದೆಯಂತೆ. ಬಾಯಿ ಸೊಟ್ಟಗಾದರೆ ಪುಟ್ಟಿ ಹೆದರಿಕೊಂಡಾಳೇ?

ನಿನ್ನ ಅತ್ತೆ

---

ಮೇ ೧೧

ಅತ್ತೆಗೆ ನಮಸ್ಕಾರ.

ಪುಟ್ಟಿಗೆ ಹೇಳಿದೆ. “ಅಜ್ಜಿ ಬಾಯಿ ಸೊಟ್ಟ ಆದ್ರೆ ಬೈಗುಳಾನೂ ಸೊಟ್ಟ ಬರತ್ತಾ?” ಎಂದು ಕೇಳಿದಳು. ಆಮೇಲೆ ಕನ್ನಡಿಯ ಮುಂದೆ ನಿಂತು ತನ್ನ ಬಾಯಿ ಸೊಟ್ಟ ಮಾಡಿಕೊಂಡು ನೋಡುತ್ತಿದ್ದಳು. ನಿಮ್ಮ ಮಗ ಅದನ್ನು ನೋಡಿ ಹೊರಗೆ ಹೋದರು. ಬಹಳ ಹೊತ್ತು ಗಾಡಿ ಒರೆಸುತ್ತಿದ್ದರು. ಗಾಡಿ ಶುದ್ಧವಾಗಿಯೇ ಇತ್ತು.

ಪಾತ್ರೆಯ ವಿಷಯ ಹೇಳಿಬಿಡುತ್ತೇನೆ. ಆವತ್ತು ಮುಚ್ಚಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಮೇಲ್ವಿಚಾರಕಿಯ ಫೋನು ಬಂದ ಮೇಲೆ ಹೋಗಿ ನೋಡುವ ಧೈರ್ಯ ನನಗೆ ಬರಲಿಲ್ಲ. ಇದ್ದಿದ್ದರೆ ನಿಮ್ಮ ಮೇಲೆ ಜೀವನವಿಡೀ ಸಿಟ್ಟು ಉಳಿಯುತ್ತಿತ್ತು. ಇಲ್ಲದಿದ್ದರೆ ನನ್ನ ಮೇಲೇ ಉಳಿಯುತ್ತಿತ್ತು. ನೋಡದೆ ಇದ್ದದ್ದೇ ಒಳ್ಳೆಯದಾಯಿತು ಎಂದು ಈಗ ಅನ್ನಿಸುತ್ತದೆ.

ನಿಮಗೆ ಬೈಯಲು ಡಬ್ಬಿ ಇತ್ತು ಎಂದಿರಿ. ನನಗೂ ಅದೇ ಇದ್ದದ್ದು. ಹೊಸದು ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಹೇಳಿಕೊಳ್ಳುತ್ತಿದ್ದೆ. ಹೊಸದೂ ಒಂದು ದಿನ ನಿಂತರೆ? ಆಗ ಯಾರನ್ನು ಬೈಯಲಿ?

ಅಂಗಡಿಯವನು, “ತಗೋತೀರಾ, ಬೇರೆಯವರಿಗೆ ಕೊಡ್ಲಾ?” ಎಂದು ಕೇಳುತ್ತಿದ್ದಾನೆ. ಬೇರೆಯವರಿಗೇ ಕೊಡು ಎಂದಿದ್ದೇನೆ. ಆಪರೇಷನ್ ಮುಗಿಯಲಿ. ನೀವು ನಿಮ್ಮ ಕೋಣೆಗೆ ಬನ್ನಿ. ಅಷ್ಟು ಸಾಕು.

ನಿಮ್ಮ ಸೊಸೆ

---

ಮೇ ೨೮
ಆಸ್ಪತ್ರೆಯಿಂದ

ಸೊಸೆಗೆ ಆಶೀರ್ವಾದ.

ಕೆಲವು ದಿನ ಮಾತಾಡಬೇಡಿ ಎಂದಿದ್ದಾರೆ. ನಿನ್ನ ಗಂಡನಿಗೆ ಬಹಳ ನೆಮ್ಮದಿಯಾಗಿದೆ. ಈ ಕಾಗದವನ್ನು ಅವನ ಕೈಯಲ್ಲೇ ಕಳಿಸುತ್ತೇನೆ. ನೀನು ಸಂಜೆ ಬಂದಾಗ ಇಷ್ಟನ್ನೆಲ್ಲ ಚೀಟಿಯಲ್ಲಿ ಬರೆದು ತೋರಿಸಲು ಆಗುವುದಿಲ್ಲ.

ತೆಗೆದ ಗಡ್ಡೆಯ ಪರೀಕ್ಷೆ ಬಂತು. ಕೆಟ್ಟ ಜಾತಿಯದಲ್ಲವಂತೆ. ಆದರೆ ಮತ್ತೆ ಬಾರದು ಎಂದು ಮಾತು ಕೊಡಲು ಆಗುವುದಿಲ್ಲವಂತೆ. ಮೊದಲ ವಾಕ್ಯಕ್ಕೆ ಕೈಮುಗಿದೆ. ಎರಡನೆಯದನ್ನು ಇನ್ನೂ ನುಂಗುತ್ತಿದ್ದೇನೆ.

ನನ್ನ ಮಂಚದ ನೇರ ಮೇಲೆ, ಛಾವಣಿಗೆ, ತಟ್ಟೆಯ ಹಾಗೆ ಬಿಳಿಯದೊಂದು ಅಂಟಿಸಿದ್ದಾರೆ. ಅದರ ಹೊಟ್ಟೆಯಲ್ಲಿ ಹಸಿರು ದೀಪ. ಏನದು ಎಂದು ನರ್ಸ್‌ಗೆ ಬರೆದು ತೋರಿಸಿದೆ. “ವೈಫೈ ಅಜ್ಜಿ! ಪಾಸ್‌ವರ್ಡ್ ಬೇಕಾ?” ಎಂದಳು. ನಾನು ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡೆ. ಸೆಕೆ ತಡೆಯಲಾಗದೆ ಆಮೇಲೆ ತೆಗೆದೆ.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ. ಪಕ್ಕದ ಮಂಚದಲ್ಲಿ ಒಬ್ಬ ಹೆಂಗಸು ಇದ್ದಾಳೆ. ನಿನ್ನ ವಯಸ್ಸು. ಕಿವಿ ಕೇಳುವುದಿಲ್ಲ. ಅವಳಿಗೂ ಕತ್ತಿನಲ್ಲೇ ಗಡ್ಡೆ ತೆಗೆದಿದ್ದಾರೆ. ನಾನು ಮಾತಾಡುವ ಹಾಗಿಲ್ಲ, ಅವಳು ಕೇಳುವ ಹಾಗಿಲ್ಲ. ಹೀಗಾಗಿ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದಿಕೊಂಡಿತು. ಬಿಸ್ಕತ್ತು ಹಂಚಿಕೊಂಡೆವು.

ಇವತ್ತು ಬೆಳಿಗ್ಗೆ ಅವಳ ಪರೀಕ್ಷೆಯ ಫಲಿತಾಂಶ ಬಂತು. ಡಾಕ್ಟರು ಬಂದರು. ನರ್ಸ್ ವಿಡಿಯೋ ಕರೆಯ ಪರದೆ ತಂದು ಅವಳ ಎದುರಿಗೆ ಇಟ್ಟಳು. ಅದರಲ್ಲಿ ಒಬ್ಬ ಹುಡುಗಿ, ನಿನ್ನ ಹಾಗೆ ಕಪ್ಪು ಕುಪ್ಪಸ ತೊಟ್ಟು, ಕೂದಲು ಹಿಂದಕ್ಕೆ ಕಟ್ಟಿ. ಡಾಕ್ಟರು ಹೇಳತೊಡಗಿದರು. ಹುಡುಗಿಯ ಕೈ ಮೇಲೆದ್ದಿತು. ಎದ್ದದ್ದು ಹಾಗೇ ಗಾಳಿಯಲ್ಲಿ ನಿಂತುಬಿಟ್ಟಿತು.

ಡಾಕ್ಟರಿಗೆ ಪರದೆಯ ಬೆನ್ನು ಮಾತ್ರ ಕಾಣುತ್ತಿತ್ತು. ಅವರು ಹೇಳುತ್ತಲೇ ಹೋದರು. “ಏನೂ ತೊಂದರೆ ಇಲ್ಲ. ಪೂರ್ತಿ ತೆಗೆದಿದ್ದೀವಿ. ನೀವು ಮನೆಗೆ ಹೋಗಬಹುದು” ಎಂದರು. ನನಗೆ ಎಲ್ಲ ಕೇಳಿಸಿತು. ಅವಳಿಗೆ ಏನೂ ತಿಳಿಯಲಿಲ್ಲ. ಅವಳು ನಿಂತ ಕೈಯನ್ನು ನೋಡಿದಳು, ಡಾಕ್ಟರ ಬಾಯಿಯನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

ನಾನು ಎಕ್ಸ್‌ಚೇಂಜಿನಲ್ಲಿ ಎಷ್ಟೋ ಲೈನು ಕಡಿದದ್ದನ್ನು ಕೇಳಿದವಳು. ಅಲ್ಲಿ ನಮಗೆ ದನಿ ಮಾತ್ರ ಗೊತ್ತು, “ಹಲೋ ಹಲೋ” ಎಂದು ಕೂಗುವುದು ಮಾತ್ರ ಗೊತ್ತು. ಆ ಕಡೆಯ ಮುಖ ಹೇಗಿರುತ್ತದೆ ಎಂದು ನಾನು ಕಂಡದ್ದು ಇವತ್ತೇ.

ಒಳ್ಳೆಯ ಸುದ್ದಿ ಕಣಮ್ಮ ಎಂದು ಹೇಗೆ ಹೇಳಲಿ? ಬಾಯಿ ಬಿಡುವ ಹಾಗಿಲ್ಲ. ಬಿಟ್ಟರೂ ಪ್ರಯೋಜನವಿಲ್ಲ. ನಿನ್ನ ಭಾಷೆಯ ಒಂದು ಸನ್ನೆಯನ್ನೂ ನಾನು ಕಲಿಯಲಿಲ್ಲ. ನಕ್ಕು ತೋರಿಸೋಣವೆಂದು ನಕ್ಕೆ. ಅರ್ಧ ಮುಖ ನಕ್ಕಿತು, ಇನ್ನರ್ಧ ಕೆಳಗೆ ಜೋತುಬಿತ್ತು. ನಾನು ಅಳುತ್ತಿದ್ದೇನೆ ಎಂದುಕೊಂಡಳು. ಅವಳ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು.

ನಾನು ಮಂಚದಿಂದ ಇಳಿದೆ. ಕೈಗೆ ಚುಚ್ಚಿದ್ದ ನಳಿಕೆಯನ್ನು ಎಳೆದುಕೊಂಡೇ ಹೋಗಿ ಡಾಕ್ಟರ ತೋಳು ಹಿಡಿದು ಪರದೆಯ ಕಡೆಗೆ ತಿರುಗಿಸಿದೆ. “ಅಯ್ಯೋ, ನಿಂತೋಗಿದ್ಯಾ?” ಎಂದರು. ನರ್ಸ್ ಗುಂಡಿ ಒತ್ತಿ ಒತ್ತಿ ನೋಡಿ, “ನಮ್ಮ ಕಡೆ ಸರಿ ಇದೆ ಡಾಕ್ಟ್ರೇ. ಆ ಹುಡುಗಿ ಮನೆ ನೆಟ್ಟೇ ಸರಿ ಇಲ್ಲ” ಎಂದಳು. ಆ ಹುಡುಗಿಯ ಮನೆಯಲ್ಲೂ ನನ್ನಂಥ ಅತ್ತೆ ಒಬ್ಬಳು ಇದ್ದಾಳೋ ಏನೋ.

ಆಮೇಲೆ ಬೇರೊಬ್ಬರನ್ನು ಹಿಡಿದರು, ಎಲ್ಲ ಹೇಳಿದರು. ಅವಳು ಅತ್ತು, ನಕ್ಕು, ನನಗೊಂದು ಗುದ್ದು ಕೊಟ್ಟಳು. ಅದಾಗುವವರೆಗೆ ನಾನು ಅವಳ ಕೈ ಹಿಡಿದು ಅಲ್ಲೇ ಕೂತಿದ್ದೆ. ಎಷ್ಟು ತಣ್ಣಗಿತ್ತು ಗೊತ್ತಾ ಆ ಕೈ.

ಆ ಮಗುವಿನ ತಂದೆ ಇನ್ನೊಂದು ಸಲ ನಿನ್ನನ್ನು ಕೇಳಿದರೆ ಆಗುವುದಿಲ್ಲ ಎನ್ನಬೇಡ.

ಅಂಗಡಿಯವನ ಹತ್ತಿರ ಇನ್ನೊಂದು ಇದೆಯಾ ಎಂದು ಕೇಳು. ಎಷ್ಟು ಕೊಂಬಾದರೂ ಇರಲಿ. ನನ್ನನ್ನು ಶನಿವಾರ ಮನೆಗೆ ಕಳಿಸುತ್ತಾರಂತೆ. ಅದಕ್ಕೆ ಮುಂಚೆಯೇ ಹಾಕಿಸಿಬಿಡು. ನಾನು ಬರುವವರೆಗೆ ಕಾಯಬೇಡ. ಬಂದ ಮೇಲೆ ಹಾಕಿಸಿದರೆ ನನಗೆ ಮತ್ತೆ ಭಯವಾಗುತ್ತದೆ.

ನಿನ್ನ ಅತ್ತೆ